ಜಿಂಕೆ ಬಿದ್ದ ಮೇಲೂ ಮುಗಿಯದ ಗುಂಡಿನ ಕೆಲಸ

ರೈಫಲ್ಲಿನಿಂದ ಹೊರಟ ಗುಂಡು ಜಿಂಕೆಯ ಒಂದು ಪಕ್ಕೆಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳಲು ಸೆಕೆಂಡಿನ ಸಾವಿರದಲ್ಲೊಂದು ಪಾಲು ಸಮಯ ಸಾಕು. ಜಿಂಕೆ ಬೇಟೆಗೆ ಯಾವ ಗುಂಡು ಸರಿ ಎಂಬ ಅಮೆರಿಕನ್ ಬೇಟೆಗಾರರ ಚರ್ಚೆ ಬಹುತೇಕ ಈ ಒಂದು ಕ್ಷಣದ ಸುತ್ತಲೇ ಸುತ್ತುತ್ತದೆ. ತೂಕ ಎಷ್ಟು ಗ್ರೇನ್ ಇರಬೇಕು, ವೇಗ ಎಷ್ಟಿರಬೇಕು, ಕ್ಯಾಲಿಬರ್‌ನಲ್ಲಿ .270 ಮೇಲೋ .308 ಮೇಲೋ, ಪ್ರಾಣಿ ನಿಂತಲ್ಲೇ ಕುಸಿಯುತ್ತದೋ ನೂರು ಗಜ ಓಡಿ ಬೀಳುತ್ತದೋ. ಆ ಕ್ಷಣ ಕಳೆದ ಮೇಲೆ ಗುಂಡು ಏನಾಯಿತು, ಯಾರ ಹೊಟ್ಟೆ ಸೇರಿತು ಎಂದು ಕೇಳುವವರು ಈಗಲೂ ಕಡಿಮೆ.

ಹಾಗೆಂದು ಮೊದಲಿನ ಪ್ರಶ್ನೆ ಸಣ್ಣದಲ್ಲ. ಕೊಲ್ಲುವುದೇ ಆದರೆ ನರಳಿಸದೆ ಕೊಲ್ಲಬೇಕು. ಅದಕ್ಕಾಗಿಯೇ ಬೇಟೆಯ ಗುಂಡು ಮೈ ಹೊಕ್ಕ ಕೂಡಲೇ ಅಣಬೆಯಂತೆ ಅರಳಿ, ಶ್ವಾಸಕೋಶ ಮತ್ತು ಹೃದಯದ ಭಾಗವನ್ನು ಅಗಲವಾಗಿ ಸೀಳುವಂತೆ ಮಾಡಿರುತ್ತಾರೆ. ಯುದ್ಧದಲ್ಲಿ ಇಂಥ ಗುಂಡನ್ನು 1899ರ ಹೇಗ್ ಘೋಷಣೆ ನಿಷೇಧಿಸಿತು. ಕೋಲ್ಕತ್ತ ಪಕ್ಕದ ಡಮ್‌ಡಮ್‌ನ ಮದ್ದುಗುಂಡಿನ ಕಾರ್ಖಾನೆಯಿಂದಾಗಿ ಇವಕ್ಕೆ ‘ಡಮ್‌ಡಮ್ ಗುಂಡು’ ಎಂಬ ಹೆಸರೂ ಬಿದ್ದಿತ್ತು. ಆದರೆ ಇಂಗ್ಲೆಂಡಿನ ಜಿಂಕೆ ಕಾನೂನು ಇದಕ್ಕೆ ತದ್ವಿರುದ್ಧ: ರೈಫಲ್ಲಿನಲ್ಲಿ ಜಿಂಕೆ ಹೊಡೆಯುವುದಾದರೆ ಅರಳುವ ಗುಂಡನ್ನೇ ಬಳಸಬೇಕು. ಅರಳದ ಗುಂಡು ಸಣ್ಣ ತೂತು ಕೊರೆದು ಆಚೆ ಹೋಗಿಬಿಡುತ್ತದೆ; ಗಾಯಗೊಂಡ ಪ್ರಾಣಿ ಯಾವುದೋ ಪೊದೆಯಲ್ಲಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ.

ಅರಳುವ ಗುಂಡಿಗೆ ಸೀಸದಷ್ಟು ಒದಗಿಬಂದ ಲೋಹ ಬೇರೆ ಇರಲಿಲ್ಲ. ಮೆತ್ತಗಿದೆ, ಭಾರವಿದೆ, ಅಗ್ಗವಾಗಿದೆ. ಹೊರಗೆ ತಾಮ್ರದ ತೆಳು ಹೊದಿಕೆ, ಒಳಗೆ ಸೀಸದ ತಿರುಳು. ತೊಂದರೆ ಇರುವುದೂ ಆ ಮೆತ್ತನೆಯ ಗುಣದಲ್ಲೇ. ಮೂಳೆ, ಮಾಂಸಕ್ಕೆ ಬಡಿದಾಗ ಸೀಸ ಅರಳುವುದಷ್ಟೇ ಅಲ್ಲ, ಚೂರುಚೂರಾಗಿ ಸಿಡಿಯುತ್ತದೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಯೋಮಿಂಗ್‌ನಲ್ಲಿ ಬೇಟೆಯಾಡಿ ಕರುಳು ತೆಗೆದ 30 ಜಿಂಕೆಗಳ ಎಕ್ಸ್‌ರೇ ತೆಗೆದರು. ಒಂದನ್ನೂ ಬಿಡದೆ ಎಲ್ಲವುಗಳ ಮೈಯಲ್ಲೂ ಲೋಹದ ಚೂರುಗಳಿದ್ದವು, ಕೆಲವುಗಳಲ್ಲಿ ನೂರಾರು. ಬಳಿಕ ಅವೇ ಜಿಂಕೆಗಳನ್ನು ಮಾಮೂಲಿ ಮಾಂಸದಂಗಡಿಗಳಿಗೆ ಕೊಟ್ಟು ಕೈಮಾ ಮಾಡಿಸಿದರು. 234 ಪೊಟ್ಟಣಗಳಲ್ಲಿ ಶೇ 32ರಷ್ಟರಲ್ಲಿ ಚೂರುಗಳು ಸಿಕ್ಕವು. ಆ ಮಾಂಸ ತಿನ್ನಿಸಿದ ಹಂದಿಗಳ ರಕ್ತದಲ್ಲಿ ಸೀಸದ ಮಟ್ಟ ಏರಿತು. ಗಾಯದ ಸುತ್ತಲಿನ ಮಾಂಸ ಕತ್ತರಿಸಿ ಎಸೆದರೆ ಆಯಿತು ಎಂದು ತಲೆಮಾರುಗಳಿಂದ ನಂಬಿಕೊಂಡು ಬಂದವರಿಗೆ ಈ ಚಿತ್ರಗಳು ಕೊಟ್ಟ ಉತ್ತರ ಕಠಿಣವಾಗಿತ್ತು. ಕಣ್ಣಿಗೆ ಕಾಣದ, ಹಲ್ಲಿಗೆ ಸಿಗದ ಕಣಗಳನ್ನು ಯಾವ ಚಾಕು ತಾನೇ ಬೇರ್ಪಡಿಸೀತು?

ಇಲ್ಲಿ ಹೆದರಿಸುವ ಮಾತು ಬೇಡ. 2008ರಲ್ಲಿ ಉತ್ತರ ಡಕೋಟದಲ್ಲಿ, ಬಡವರಿಗೆಂದು ದಾನ ಬಂದಿದ್ದ ಜಿಂಕೆ ಕೈಮಾದಲ್ಲಿ ಸೀಸ ಪತ್ತೆಯಾಗಿ, ಅದನ್ನು ಎಸೆಯುವಂತೆ ರಾಜ್ಯ ಸರ್ಕಾರವೇ ಹೇಳಬೇಕಾಯಿತು. ಅನಂತರ 738 ಜನರ ರಕ್ತ ಪರೀಕ್ಷೆ ನಡೆಯಿತು. ಬೇಟೆಯ ಮಾಂಸ ತಿನ್ನುವವರಲ್ಲಿ ಸೀಸ ತುಸು ಹೆಚ್ಚಿತ್ತು, ವ್ಯತ್ಯಾಸ ದೊಡ್ಡದೇನಲ್ಲ. ಆದರೆ ಮಕ್ಕಳ ಮಿದುಳಿನ ವಿಷಯದಲ್ಲಿ ಸೀಸಕ್ಕೆ ‘ಇಷ್ಟಾದರೆ ಪರವಾಗಿಲ್ಲ’ ಎನ್ನುವ ಮಟ್ಟವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಊಟದ ತಟ್ಟೆಗೆ ಸೀಸ ಬೀಳುವುದನ್ನು ತಡೆಯಲು ಸಾಧ್ಯವಿದ್ದೂ ಸುಮ್ಮನಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮನುಷ್ಯನಿಗಿಂತ ಹೆಚ್ಚು ಬೆಲೆ ತೆತ್ತದ್ದು ಕ್ಯಾಲಿಫೋರ್ನಿಯಾ ಕಾಂಡೋರ್. ರೆಕ್ಕೆ ಬಿಚ್ಚಿದರೆ ಒಂಬತ್ತು ಅಡಿಗೂ ಮೀರುವ ಈ ರಣಹದ್ದು 1980ರ ದಶಕದಲ್ಲಿ ಇಪ್ಪತ್ತು ಚಿಲ್ಲರೆ ಸಂಖ್ಯೆಗೆ ಇಳಿದಿತ್ತು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯ ಹಕ್ಕಿಯನ್ನೂ ಹಿಡಿದು ಗೂಡಿಗೆ ತಂದು, ಅಲ್ಲೇ ಮರಿ ಮಾಡಿಸಿ, 1992ರಿಂದ ಮತ್ತೆ ಬಿಡತೊಡಗಿದರು. ಬಿಟ್ಟ ಹಕ್ಕಿಗಳನ್ನು ಅತಿ ಹೆಚ್ಚು ಕೊಂದದ್ದು ಸೀಸದ ವಿಷ. ಬೇಟೆಗಾರ ಜಿಂಕೆಯ ಹೊಟ್ಟೆ ಬಗೆದು ಕರುಳು, ಜಠರಗಳನ್ನು ಕಾಡಿನಲ್ಲೇ ಬಿಟ್ಟು ಮಾಂಸ ಹೊತ್ತೊಯ್ಯುತ್ತಾನೆ. ಕಾಂಡೋರ್‌ಗಳು ಗುಂಪಾಗಿ ಬಂದು ಆ ರಾಶಿಗೆ ಎರಗುತ್ತವೆ. ಹೊಟ್ಟೆಯ ಆಮ್ಲದಲ್ಲಿ ಸೀಸ ಕರಗಿ ರಕ್ತಕ್ಕಿಳಿಯುತ್ತದೆ, ಜೀರ್ಣಾಂಗ ನಿಶ್ಚೇಷ್ಟವಾಗುತ್ತದೆ. ಗಂಟಲಚೀಲದ ತುಂಬ ಆಹಾರವಿದ್ದೂ ಹಕ್ಕಿ ಹಸಿವಿನಿಂದ ಸಾಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಂದೇ ಮೊಟ್ಟೆ ಇಡುವ ಜೀವಿಗೆ ಇಂಥ ಒಂದೊಂದು ಸಾವೂ ದೊಡ್ಡ ನಷ್ಟ. ಇಂದಿಗೂ ಆ ಹಕ್ಕಿಗಳನ್ನು ಹಿಡಿದು ರಕ್ತ ಪರೀಕ್ಷಿಸಿ, ಸೀಸ ಇಳಿಸುವ ಚಿಕಿತ್ಸೆ ಕೊಟ್ಟು ಮತ್ತೆ ಹಾರಿಬಿಡುತ್ತಾರೆ.

ಆದ್ದರಿಂದ ಸರಿಯಾದ ಗುಂಡು ಯಾವುದು ಎಂಬುದಕ್ಕೆ ಇಂದು ಕೊಡಬಹುದಾದ ಪ್ರಾಮಾಣಿಕ ಉತ್ತರ, ಪೂರ್ತಿ ತಾಮ್ರದ ಗುಂಡು. ಅದು ಹೊಸ ಪ್ರಯೋಗವೇನಲ್ಲ. ಬಾರ್ನ್ಸ್ ಕಂಪನಿಯ ತಾಮ್ರದ ‘ಎಕ್ಸ್’ ಗುಂಡು 1989ರಲ್ಲೇ ಮಾರುಕಟ್ಟೆಗೆ ಬಂತು. ಮೈ ಹೊಕ್ಕಾಗ ಅದರ ಮೂತಿ ನಾಲ್ಕು ಎಸಳಾಗಿ ತೆರೆದುಕೊಳ್ಳುತ್ತದೆ; ಸಾಮಾನ್ಯವಾಗಿ ಗುಂಡು ತನ್ನ ತೂಕವನ್ನು ಬಹುಪಾಲು ಹಾಗೇ ಉಳಿಸಿಕೊಂಡು ಆಚೆ ಹೋಗುತ್ತದೆ.

ಬೇಟೆಗಾರರ ಆಕ್ಷೇಪಗಳಲ್ಲಿ ಹುರುಳಿಲ್ಲವೆಂದಲ್ಲ. ತಾಮ್ರ ಸೀಸಕ್ಕಿಂತ ಹಗುರ. ಅದೇ ತೂಕ ಬೇಕೆಂದರೆ ಗುಂಡು ಉದ್ದವಾಗುತ್ತದೆ, ಉದ್ದದ ಗುಂಡನ್ನು ನೆಟ್ಟಗೆ ತಿರುಗಿಸಿ ಕಳಿಸಲು ಹಳೆಯ ನಳಿಗೆಗಳ ಸುರುಳಿಗೆ ಕೆಲವೊಮ್ಮೆ ಶಕ್ತಿ ಸಾಲದು. ವೇಗ ಕಡಿಮೆಯಾದರೆ ಎಸಳು ಬಿಚ್ಚಿಕೊಳ್ಳುವುದೇ ಇಲ್ಲ, ಹಾಗಾಗಿ ಬಹಳ ದೂರದ ಗುರಿಗೆ ಅದು ತಕ್ಕುದಲ್ಲ. ಪರಿಹಾರ ಅನುಭವಸ್ಥರಿಗೆ ಗೊತ್ತಿದೆ: 165 ಗ್ರೇನ್ ಸೀಸದ ಗುಂಡು ಬಳಸುತ್ತಿದ್ದವರು 150 ಅಥವಾ 130 ಗ್ರೇನ್ ತಾಮ್ರಕ್ಕೆ ಇಳಿಯಬೇಕು. ಹಗುರವಾದಷ್ಟೂ ವೇಗ ಹೆಚ್ಚು, ವೇಗ ಹೆಚ್ಚಿದಷ್ಟೂ ಚೆನ್ನಾಗಿ ಅರಳುತ್ತದೆ. ಋತು ಶುರುವಾಗುವ ಮೊದಲೇ ಕಾಗದದ ಗುರಿಗೆ ಹೊಡೆದು ದುರ್ಬೀನನ್ನು ಹೊಸದಾಗಿ ಹೊಂದಿಸಿಕೊಳ್ಳಬೇಕು. ದೂರ ಹೆಚ್ಚಿದ್ದರೆ ಹತ್ತಿರ ಹೋಗಬೇಕು, ಇಲ್ಲವೇ ಬಿಟ್ಟುಬಿಡಬೇಕು. ಬೆಲೆ ಜಾಸ್ತಿ ನಿಜ. ಆದರೆ ಒಂದು ಜಿಂಕೆಗೆ ಖರ್ಚಾಗುವುದು ಒಂದೋ ಎರಡೋ ತೋಟಾ.

ಕಾನೂನುಗಳೇ ಕೆಲವು ಕಡೆ ತಾಮ್ರಕ್ಕೆ ಅಡ್ಡ ಬಂದದ್ದುಂಟು. ಸ್ಕಾಟ್ಲೆಂಡ್‌ನಲ್ಲಿ ದೊಡ್ಡ ಜಿಂಕೆಗಳಿಗೆ ಗುಂಡು ಕನಿಷ್ಠ 100 ಗ್ರೇನ್ ತೂಗಬೇಕೆಂಬ ನಿಯಮವಿತ್ತು, ಅದು ಸೀಸದ ಕಾಲದ ಲೆಕ್ಕ. 2023ರಲ್ಲಿ ಅದನ್ನು 80ಕ್ಕೆ ಇಳಿಸಿದ ಮೇಲೆ ಹಗುರ ತಾಮ್ರಕ್ಕೆ ದಾರಿಯಾಯಿತು. ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ಬೇಟೆಯ ರೈಫಲ್ ಗುಂಡುಗಳಲ್ಲೂ ಸೀಸ ನಿಷೇಧಿಸಿತು.

ಜಿಂಕೆ ಬೇಟೆಯೇ ಅಪರಾಧವಾಗಿರುವ ನಮ್ಮ ನಾಡಿಗೆ ಇದೆಲ್ಲ ದೂರದ ಕಥೆ ಎನ್ನಿಸಬಹುದು. ಆದರೆ ರಾಮನಗರದ ರಾಮದೇವರ ಬೆಟ್ಟದಲ್ಲಿ ಅಳಿದುಳಿದ ಕೆಲವೇ ರಣಹದ್ದುಗಳನ್ನು ನೋಡಿದವರಿಗೆ ಕಾಂಡೋರ್‌ನ ಪಾಡು ಬಿಡಿಸಿ ಹೇಳಬೇಕಿಲ್ಲ. ಭಾರತದ ರಣಹದ್ದುಗಳನ್ನು ಬಲಿ ತೆಗೆದುಕೊಂಡ ಡೈಕ್ಲೋಫೆನಾಕ್ ಕೂಡ ಹೀಗೇ ಸತ್ತ ಪ್ರಾಣಿಯ ಮೈಯಿಂದ ಹಕ್ಕಿಯ ಹೊಟ್ಟೆಗೆ ದಾಟಿತು. ದನದ ನೋವು ಶಮನವಾಗಲೆಂದು ಚುಚ್ಚುಮದ್ದು ಹಾಕಿಸಿದ ರೈತನಿಗೆ ಹದ್ದನ್ನು ಕೊಲ್ಲುವ ಉದ್ದೇಶವಿರಲಿಲ್ಲ. ಅಮೆರಿಕದ ಬೇಟೆಗಾರನಿಗೂ ಇಲ್ಲ. ಇಲ್ಲಿ 2006ರಲ್ಲಿ ಪಶುಗಳಿಗೆ ಆ ಮದ್ದು ನಿಷೇಧವಾಯಿತು. ಹದ್ದಿಗೆ ಕೇಡಿಲ್ಲದ ಮೆಲಾಕ್ಸಿಕ್ಯಾಮ್ ಬದಲಿಯಾಗಿ ಸಿಕ್ಕಿದ್ದರಿಂದ ಆ ನಿಷೇಧಕ್ಕೆ ಬಲ ಬಂತು.

ಬದಲಿ ವಸ್ತು ಕೈಗೆ ತಲುಪದಿದ್ದರೆ ನಿಷೇಧ ಕಾಗದದಲ್ಲೇ ಉಳಿಯುವ ಅಪಾಯವಿದೆ. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಆದರೂ ಅಲ್ಲಿ ಕಾಂಡೋರ್‌ಗಳಿಗೆ ವಿಷವೇರುವುದು ನಿಂತಿಲ್ಲ. ಪಕ್ಕದ ಅರಿಝೋನಾ ಒಲಿಸುವ ದಾರಿ ಹಿಡಿಯಿತು. ಗ್ರ್ಯಾಂಡ್ ಕ್ಯಾನ್ಯನ್‌ನ ಉತ್ತರಕ್ಕಿರುವ ಕೈಬಾಬ್ ಪ್ರಸ್ಥಭೂಮಿಯಲ್ಲಿ ಬೇಟೆಯ ಪರವಾನಗಿ ಸಿಕ್ಕವರಿಗೆ 2005ರಿಂದ ಅಲ್ಲಿನ ವನ್ಯಜೀವಿ ಇಲಾಖೆ ಸೀಸರಹಿತ ತೋಟಾಗಳನ್ನು ಪುಕ್ಕಟೆಯಾಗಿ ಕೊಡುತ್ತ ಬಂತು. ಯಾವ ಬಲವಂತವೂ ಇಲ್ಲದೆ ಬಹುಪಾಲು ಬೇಟೆಗಾರರು ಕೈಜೋಡಿಸಿದರು. ಸೀಸವನ್ನೇ ಬಳಸಿದವರಿಗೂ ಅಲ್ಲಿ ಒಂದು ಕೋರಿಕೆಯಿದೆ: ಕರುಳಿನ ರಾಶಿಯನ್ನು ಕಾಡಿನಲ್ಲಿ ಬಿಡಬೇಡಿ. ಅದನ್ನು ಹೊತ್ತು ತಪಾಸಣಾ ಠಾಣೆಗೆ ತಂದವರ ಹೆಸರನ್ನು ಬಹುಮಾನದ ಚೀಟಿಗೆ ಸೇರಿಸುತ್ತಾರೆ. ಮಾಂಸದ ಮೂಟೆಯ ಜೊತೆಗೆ ಆ ಭಾರವನ್ನೂ ಬೆನ್ನಿಗೇರಿಸಿಕೊಂಡು ಬೇಟೆಗಾರರು ಬೆಟ್ಟ ಇಳಿಯುತ್ತಾರೆ.