ಸಂಬಳ ಯಾರ ಹೆಸರಿನಿಂದ ಬಂತು?

ಊರಿನಿಂದ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಧಣಿಯ ಮುಖವಾದರೂ ಗೊತ್ತಿತ್ತು. ಇಂದು ಅವರ ಮೊಮ್ಮಕ್ಕಳ ಮೊಬೈಲಿಗೆ ಬರುವ ಉದ್ಯೋಗದ ಆಹ್ವಾನಕ್ಕೆ ಮುಖವೂ ಇಲ್ಲ, ವಿಳಾಸವೂ ಇಲ್ಲ. ಮನೆಯಲ್ಲೇ ಕುಳಿತು ಹೋಟೆಲುಗಳಿಗೆ ಅಂಕ ಕೊಡಿ, ಯೂಟ್ಯೂಬ್ ವಿಡಿಯೋಗಳನ್ನು ಮೆಚ್ಚಿ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ ಎಂಬುದು ಅದರ ಸಾರ. ಇಂಥ ಅರೆಕಾಲಿಕ ಕೆಲಸದ ಹೆಸರಿನಲ್ಲೂ ಹೂಡಿಕೆಯ ಹೆಸರಿನಲ್ಲೂ ವಂಚಿಸುತ್ತಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರಕಾರವು 2023ರ ಡಿಸೆಂಬರಿನಲ್ಲಿ ನಿರ್ಬಂಧಿಸಿತು. ಆಹ್ವಾನಗಳು ಮಾತ್ರ ನಿಂತಿಲ್ಲ.

ಕೆಲಸ ಕೊಡುವವರು ಮೊದಲೇ ಹಣ ಕೇಳಿದರೆ ಅದು ಮೋಸ ಎಂಬ ಎಚ್ಚರ ಈಗ ಬಹುತೇಕರಿಗೆ ಇದೆ. ವಂಚಕರಿಗೂ ಇದು ತಿಳಿದಿದೆ. ಆದುದರಿಂದಲೇ ಅವರು ಮೊದಲು ಕೇಳುವುದಿಲ್ಲ, ಕೊಡುತ್ತಾರೆ. ನೂರೈವತ್ತೋ ಇನ್ನೂರೋ ರೂಪಾಯಿ ಖಾತೆಗೆ ಜಮೆಯಾದೊಡನೆ ಸಂಶಯ ಕರಗುತ್ತದೆ. ಬಳಿಕ ಟೆಲಿಗ್ರಾಂ ಗುಂಪು, ಸಾವಿರ ಕಟ್ಟಿದರೆ ಸಾವಿರದ ಮುನ್ನೂರು ಮರಳುವ ಆಮಿಷ, ಆಮೇಲೆ ಲಕ್ಷಗಳ ಮಾತು. ಹಿಂಪಡೆಯಹೊರಟರೆ ತೆರಿಗೆ ಕಟ್ಟಿ, ಶುಲ್ಕ ಕಟ್ಟಿ ಎಂಬ ಹೊಸ ಬೇಡಿಕೆ. ಗುಂಪಿನಲ್ಲಿ 'ನನಗೆ ಹಣ ಬಂತು' ಎಂದು ಸಂಭ್ರಮಿಸುವವರು ಸಾಮಾನ್ಯವಾಗಿ ವಂಚಕರ ಕಡೆಯವರೇ.

ಬ್ಯಾಂಕಿನಲ್ಲಿ ದುಡಿಯುವ ನಮಗೆ ಲಕ್ಷಗಳಿಗಿಂತ ಆ ಮೊದಲ ಇನ್ನೂರು ರೂಪಾಯಿಯೇ ಹೆಚ್ಚಿನ ಆತಂಕದ ವಿಷಯ. ಅದು ಇನ್ನೊಬ್ಬ ವಂಚಿತನ ಹಣವಾಗಿರಬಹುದು. ಆತ ದೂರಿತ್ತಾಗ ಪೊಲೀಸರು ಹಣ ಸಾಗಿದ ಜಾಡು ಹಿಡಿದು ಖಾತೆಯಿಂದ ಖಾತೆಗೆ ಬರುತ್ತಾರೆ. ಇನ್ನೂರು ಪಡೆದ ಅಮಾಯಕನ ಉಳಿತಾಯ ಖಾತೆಯೂ ಸ್ತಂಭಿಸೀತು. ಮನೆಬಾಡಿಗೆ, ಮಕ್ಕಳ ಶುಲ್ಕ ಎಲ್ಲವೂ ಅಲ್ಲಿಯೇ ಸಿಲುಕೀತು. 'ನಿಮ್ಮ ಖಾತೆಗೆ ಬಂದ ಹಣವನ್ನು ಮುಂದಕ್ಕೆ ಕಳುಹಿಸಿ, ಕಮಿಷನ್ ಇಟ್ಟುಕೊಳ್ಳಿ' ಎಂಬ ಉದ್ಯೋಗವಂತೂ ನೇರವಾಗಿ ಆರೋಪಿಯ ಸ್ಥಾನಕ್ಕೆ ಒಯ್ಯುವಂಥದು. ಕಾಲೇಜು ಹುಡುಗರು ಇದಕ್ಕೆ ಸುಲಭವಾಗಿ ಒಪ್ಪಿಬಿಡುತ್ತಾರೆ.

ಗುರುತಿಸುವ ಒಂದು ದಾರಿ ಪಾಸ್‌ಬುಕ್ಕಿನಲ್ಲೇ ಇದೆ. ಕಂಪೆನಿಯ ಸಂಬಳವು ಕಂಪೆನಿಯ ಹೆಸರಿನಿಂದ ಬರುತ್ತದೆ. ಇಂದು ಅಪರಿಚಿತ ವ್ಯಕ್ತಿಯೊಬ್ಬನಿಂದ, ನಾಳೆ ಯಾವುದೋ ಟ್ರೇಡರ್ಸ್ ಹೆಸರಿನಿಂದ ಬಂದರೆ ಅದು ಸಂಬಳವಲ್ಲ. (ಪಾಸ್‌ಬುಕ್ ಮುದ್ರಿಸಿಕೊಳ್ಳುವ ರೂಢಿಯೇ ಈಗ ತಪ್ಪಿಹೋಗಿದೆ, ಮೊಬೈಲಿನ ಲೆಕ್ಕಪಟ್ಟಿಯಾದರೂ ಸಾಕು.)

ವಿದೇಶದ ಆಹ್ವಾನಗಳು ಇನ್ನೂ ಘೋರ. ಥಾಯ್ಲೆಂಡಿನಲ್ಲಿ ಐಟಿ ಉದ್ಯೋಗವೆಂದು ನಂಬಿಸಿ ಯುವಕರನ್ನು ಮ್ಯಾನ್ಮಾರಿಗೆ ಒಯ್ಯಲಾಗುತ್ತಿದೆಯೆಂದು ವಿದೇಶಾಂಗ ಸಚಿವಾಲಯವು 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಮರಳಿದ 549 ಭಾರತೀಯರು ಇಂಥದೇ ಸುಳ್ಳು ಉದ್ಯೋಗಗಳಿಗೆ ಬಲಿಯಾದವರು. ಅಲ್ಲಿ ಅವರನ್ನು ದೂಡಿದ್ದು ಸೈಬರ್ ವಂಚನೆಯ ಕೆಲಸಕ್ಕೇ. ವಿದೇಶಕ್ಕೆ ಹೊರಡುವವರು ಏಜೆಂಟರ ನೋಂದಣಿಯನ್ನು ಇ-ಮೈಗ್ರೇಟ್ ತಾಣದಲ್ಲಿ ಪರಿಶೀಲಿಸಿಕೊಳ್ಳಬಹುದು.

ಹಣ ಹೋದ ಬಳಿಕ ನಾಚಿಕೆಯಿಂದ ಎರಡು ದಿನ ಮನೆಯವರಿಗೂ ತಿಳಿಸದೆ ಇರುವವರೇ ಬಹಳ. ಅಷ್ಟರಲ್ಲಿ ಅದು ಹತ್ತಾರು ಖಾತೆ ದಾಟಿರುತ್ತದೆ. 1930ಕ್ಕೆ ಕೂಡಲೇ ಕರೆಮಾಡಿ, ವ್ಯವಹಾರದ ಸಂಖ್ಯೆ, ದಿನಾಂಕ, ಮೊತ್ತ ತಿಳಿಸಿದರೆ ಮುಂದಿನ ಖಾತೆಯಲ್ಲಿ ಉಳಿದಿರುವಷ್ಟನ್ನಾದರೂ ತಡೆಹಿಡಿಯಲು ಬ್ಯಾಂಕುಗಳಿಗೆ ಸಾಧ್ಯವಾಗುತ್ತದೆ.