ಮಳೆಗಾಲದ ಕರಾವಳಿಗೆ ಬೈಕಿನಲ್ಲಿ

ಜುಲೈನಲ್ಲಿ ಬೈಕ್ ಮೇಲೆ ಗೋಕರ್ಣಕ್ಕೆ ಹೊರಟೀನಿ ಅಂದ್ರೆ ನಮ್ಮ ಕುಷ್ಟಗಿ ಕಡೆ ಮಂದಿ ಮುಖ ನೋಡ್ತಾರೆ. "ಮಳ್ಯಾಗ ಸಮುದ್ರ ಏನ್ ನೋಡ್ತಿ ತಮ್ಮಾ?" ಡಿಸೆಂಬರ್‌ನಲ್ಲಿ ಹೋದಾಗ ನಾನು ಸಮುದ್ರಕ್ಕಿಂತ ಹೆಚ್ಚು ನೋಡಿದ್ದು ಸೆಲ್ಫಿ ತೆಗೆಯೋರ ಬೆನ್ನು. ಅದಕ್ಕೇ ಈ ಸಲ ಮಳೆಗಾಲ.

ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಕಂಡರೆ ಹೆಚ್ಚು ಅನ್ನೋ ಜಿಲ್ಲೆ ನಮ್ಮದು. ಅಲ್ಲಿ 3000 ದಾಟುತ್ತೆ. ಕೊಪ್ಪಳದಿಂದ ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾಗೆ ಸುಮಾರು 250 ಕಿ.ಮೀ. ಗದಗಿನವರೆಗೆ ಧೂಳು. ಕಲಘಟಗಿ ದಾಟಿದ ಮೇಲೆ ಗಾಳಿಯ ವಾಸನೆಯೇ ಬೇರೆ. ಯಲ್ಲಾಪುರದಲ್ಲಿ ಹಾಕಿದ ರೇನ್‌ಕೋಟ್ ಮತ್ತೆ ಒಣಗಲೇ ಇಲ್ಲ. ಅರಬೈಲು ಘಾಟ್‌ನಲ್ಲಿ ಲಾರಿ ಹಿಂದೆ ಅಂಟಿಕೊಂಡು ಹೋಗಬೇಡಿ, ಅದು ಎರಚುವ ಕೆಸರಿಗೆ ಹೆಲ್ಮೆಟ್ ಗಾಜು ಕುರುಡಾಗುತ್ತೆ. (ಒಂದು ಕಾಲಕ್ಕೆ ನಮ್ಮ ಹೊಸಪೇಟೆ ಕಡೆಯ ಅದಿರು ಬೇಲೆಕೇರಿ ಬಂದರಿಗೆ ಇಳಿದದ್ದೂ ಇದೇ ದಾರಿಯಲ್ಲಿ.)

ಅಂಕೋಲಾದಿಂದ ಕುಮಟಾ ಕಡೆ ತಿರುಗಿದರೆ ಶಿರೂರು. 2024ರ ಜುಲೈ 16ರಂದು ಇಲ್ಲೇ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ಮಣ್ಣಿನಡಿ, ಗಂಗಾವಳಿ ನದಿಯೊಳಗೆ ಹೋದವು. ಒಂದು ಲಾರಿ ಮತ್ತು ಅದರ ಚಾಲಕನ ದೇಹ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಘಾಟ್ ಇಳಿದು ಚಳಿ ಹಿಡಿದಾಗ ಚಹಾಕ್ಕೆ ನಿಲ್ಲೋದು ನಾವೂ ಮಾಡೋದೇ ತಾನೇ? ಗುಡ್ಡದ ಬುಡದಲ್ಲಿ ನಾನೀಗ ಬೈಕ್ ನಿಲ್ಲಿಸಲ್ಲ, ಫೋಟೋಕ್ಕೂ ಇಲ್ಲ.

ಗೋಕರ್ಣದಲ್ಲಿ ರೂಮು ಅರ್ಧ ದರಕ್ಕೆ ಸಿಕ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಹಾಗಾಗಿ ತಟ್ಟೆಯಲ್ಲಿ ಬಯಸಿದ ಮೀನಿಲ್ಲ. ಸಾಣಿಕಟ್ಟಾದ ಉಪ್ಪಿನ ಆಗರಗಳು ಮಳೆನೀರು ತುಂಬಿ ಕೆರೆಯಂತಿದ್ದವು. ಸಮುದ್ರ ಮಾತ್ರ ಕೆಂಪುಮಣ್ಣಿನ ಬಣ್ಣಕ್ಕೆ ತಿರುಗಿ, ರಾತ್ರಿಯಿಡೀ ರೂಮಿನ ಕಿಟಕಿ ಅಲುಗಿಸ್ತಿತ್ತು. ನೀರಿಗೆ ಇಳಿಯುವ ಮಾತೇ ಇಲ್ಲ. ದಂಡೆಯಲ್ಲಿ ನಾನು, ಎರಡು ನಾಯಿ, ಅಷ್ಟೇ.

ಮರುದಿನ ಮುರುಡೇಶ್ವರಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಜಿಲ್ಲೆಗೆ ರೆಡ್ ಅಲರ್ಟ್. ರಜೆ ಇದ್ದದ್ದು ನಾಲ್ಕೇ ದಿನ, ಆಫೀಸಿನಲ್ಲಿ ಬೇಡಿ ಪಡೆದದ್ದು. ಆದರೂ ಬೈಕ್ ಮುಟ್ಟಲಿಲ್ಲ. ಮುರುಡೇಶ್ವರ ಈ ಸಲಕ್ಕೆ ಬಿಟ್ಟೆ.

ಸುಮ್ಮನೆ ಕೂತಿದ್ದಾಗ ಅಪ್ಪನ ಫೋನ್. "ಅಲ್ಲಿ ಮಳಿ ಹೆಂಗೈತೋ?"

"ಮೂರು ದಿನದಿಂದ ಬಿಟ್ಟಿಲ್ಲಪ್ಪಾ."

ಸ್ವಲ್ಪ ಹೊತ್ತು ಮಾತಿಲ್ಲ. "ಹೆಸರು ಹೂವಿಗೆ ಬಂದೈತಿ. ಇಲ್ಲಿ ಒಂದು ಹದ ಮಳಿ ಆಗವಲ್ದು. ಬರೋವಾಗ ಒಂದೀಟು ಹಿಡ್ಕೊಂಡ್ ಬಾ."

ನಗ್ತಾನೇ ಹೇಳಿದರು. ನನಗೆ ನಗೋಕಾಗಲಿಲ್ಲ. ಕಿಟಕಿ ಆಚೆ ತೆಂಗಿನ ಗರಿಗಳಿಂದ ನೀರು ಧಾರೆಯಾಗಿ ಚರಂಡಿಗೆ ಹೋಗ್ತಾ ಇತ್ತು.

ನೀವು ಹೊರಡೋದಾದ್ರೆ ಟೈರ್ ಗ್ರಿಪ್ ನೋಡ್ಕೊಳ್ಳಿ, ಉಪ್ಪುಗಾಳಿಗೆ ಚೈನ್ ಬೇಗ ತುಕ್ಕು ಹಿಡಿಯುತ್ತೆ, ದಿನಾ ಸಂಜೆ ಎಣ್ಣೆ ಬಿಡಿ. ಕತ್ತಲಾದ ಮೇಲೆ ಘಾಟ್ ಬೇಡ. ಒಂದು ದಿನ ರಜೆ ಹೆಚ್ಚಿಗೇ ಇಟ್ಕೊಳ್ಳಿ, ಮಳೆಗೆ ಅಂತಲೇ.