ಕಾರ್ಖಾನೆಯ ಬಯಲಿನ ಕಳವು
ಮೋಟಾರು ವಾಹನೋದ್ಯಮದ ರಾಜಧಾನಿಯೆಂದು ಜಗದ್ವಿಖ್ಯಾತವಾದ ಅಮೆರಿಕದ ಡೆಟ್ರಾಯಿಟ್ ಪ್ರದೇಶದಲ್ಲಿ, ಕೊಳ್ಳುವವನ ಕೈ ಇನ್ನೂ ಸೋಕದ ಹೊಸ ಕಾರುಗಳು ಕಾರ್ಖಾನೆಗಳ ಬಯಲಿನಿಂದಲೂ ಮಾರಾಟಗಾರರ ಅಂಗಳದಿಂದಲೂ ರಾತ್ರೋರಾತ್ರಿ ಅಪಹೃತವಾಗುತ್ತ ಬಂದಿರುವುದು ನಿಜಕ್ಕೂ ಚಿಂತಾಜನಕವಾದ ಸಂಗತಿ. ಬೀಗವನ್ನು ಮುರಿದು ತಂತಿಗಳನ್ನು ಹೆಣೆಯುವ ಹಳೆಯ ಚೌರ್ಯವಿದ್ಯೆ ಇಲ್ಲಿ ಬೇಕಾಗಿಯೇ ಇಲ್ಲ. ದುರಸ್ತಿಗಾರರ ಅನುಕೂಲಕ್ಕೆಂದು ಚಾಲಕನ ಮುಂದಿನ ಫಲಕದ ಅಡಿಯಲ್ಲಿರಿಸಿದ, ಆ ದೇಶದಲ್ಲಿ 1996ರಿಂದ ಕಡ್ಡಾಯವಾಗಿರುವ ತಪಾಸಣೆಯ ಕಿಂಡಿಗೆ, ಕೀಲಿ ಮಾಡುವವರು ಬಳಸುವ ಕಿರುಯಂತ್ರವೊಂದನ್ನು ಸಿಕ್ಕಿಸಿದರೆ, ಕೆಲವೇ ನಿಮಿಷಗಳಲ್ಲಿ ಪರಕೀಯವಾದ ಕೀಲಿಯನ್ನು ವಾಹನವು ತನ್ನದೆಂದೇ ಅಂಗೀಕರಿಸಿಬಿಡುತ್ತದೆ. ಅರೆವಾಹಕ ಚಿಪ್ಪುಗಳ ಅಭಾವದಿಂದ ಅಪೂರ್ಣ ವಾಹನಗಳು ಬಯಲುಗಳಲ್ಲಿ ಸಾಲುಗಟ್ಟಿ ನಿಂತ 2021ರಲ್ಲಿಯೇ ಡಾಡ್ಜ್ ಸಂಸ್ಥೆಯು, 4 ಅಂಕಿಗಳ ಗುಪ್ತಸಂಖ್ಯೆಯನ್ನು ಒತ್ತಿದ ಹೊರತು ಎಂಜಿನ್ನಿನ ಬಲವು 3 ಅಶ್ವಶಕ್ತಿಯನ್ನೂ ಮುಟ್ಟದಂತೆ ತಡೆಯುವ ವ್ಯವಸ್ಥೆಯನ್ನು, 700 ಅಶ್ವಶಕ್ತಿಯನ್ನು ಮೀರಿದ ಹೆಲ್‌ಕ್ಯಾಟ್ ಮೊದಲಾದ ಕಾರುಗಳಿಗಾಗಿ ಪ್ರಕಟಿಸಿತು. ಪ್ರಯತ್ನವು ಸ್ತುತ್ಯವೇ ಸರಿ. ಆದರೆ ಅಂಥ ಪ್ರಚಂಡ ವಾಹನವು ಕಳ್ಳನ ಕೈಸೇರಿ ಬೀದಿಯಲ್ಲಿ ಧಾವಿಸುವಾಗ ಅಪಾಯಕ್ಕೆ ಗುರಿಯಾಗತಕ್ಕವರು ನಿರಪರಾಧಿಗಳಾದ ದಾರಿಹೋಕರಲ್ಲವೇ? ಆದುದರಿಂದ ಇಂಥ ರಕ್ಷಣೆಯನ್ನು ಗ್ರಾಹಕನು ಕೇಳಿಕೊಂಡು ಬರಲೆಂದು ಕಾಯದೆ, ವಾಹನವು ಕಾರ್ಖಾನೆಯ ಬಾಗಿಲನ್ನು ದಾಟುವ ಮೊದಲೇ ಅಳವಡಿಸಿ ಮುಗಿಸುವುದು ತಯಾರಕರ ಕರ್ತವ್ಯ.